ಹಳೇ ಅಂಬಾಸಿಡರ್ ಚಾರ್ಜ್ ಆಗ್ತಿಲ್ವಾ? ಡೈನಮೋ ಬಿಚ್ಚೋ ಮುಂಚೆ ಮೀಟರ್ ಹಿಡೀರಿ

ದಾವಣಗೆರೆ, ಹರಿಹರ, ಜಗಳೂರು ಕಡೆ ಹಳೇ ಅಂಬಾಸಿಡರನ್ನ ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಚಾರ್ಜಿಂಗ್ ತೊಂದರೆ ಅಂತ ಇಂಥ ಗಾಡಿ ಶೆಡ್ಡಿಗೆ ಬರೋ ಹೊತ್ತಿಗೆ ಸಾಮಾನ್ಯವಾಗಿ ಹೊಸ ಬ್ಯಾಟರಿ ಕೂತಿರುತ್ತೆ, ಕರೆಂಟ್ ಹುಟ್ಟಿಸೋ ಡೈನಮೋ ಒಂದು ಸಲ ರಿವೈಂಡಿಂಗ್ (ಒಳಗಿನ ತಂತಿ ಹೊಸದಾಗಿ ಸುತ್ತಿಸೋದು) ಆಗಿರುತ್ತೆ. ಆದರೂ "ಅಣ್ಣಾ, ಬೆಳಗ್ಗೆ ಸೆಲ್ಫ್ ಎತ್ತಂಗಿಲ್ಲ" ಅನ್ನೋ ದೂರು ಹಾಗೇ ಉಳಿದಿರುತ್ತೆ. ದುಡ್ಡು ಹೋಗಿದ್ದು ಅಳೆದು ನೋಡದೆ ಸಾಮಾನು ಬದಲಿಸಿದ್ದಕ್ಕೆ. ಈ ಗಾಡಿಗಳ ಚಾರ್ಜಿಂಗ್‌ನಲ್ಲಿ ಬೆಲ್ಟು, ಡೈನಮೋ, ಕಟೌಟ್ ಬಾಕ್ಸು (ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್, ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯೋ ಕಟೌಟ್ ಎರಡೂ ಇರೋ ಡಬ್ಬಿ), ನಾಲ್ಕೈದು ವೈರು, ಬ್ಯಾಟರಿ ಬಿಟ್ಟರೆ ಬೇರೇನಿಲ್ಲ. ಒಂದು ಮಲ್ಟಿಮೀಟರ್, ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ, ಅಂದರೆ ಗ್ರ್ಯಾವಿಟಿ, ಅಳೆಯೋದು), ಟೆಸ್ಟ್ ಲ್ಯಾಂಪ್ ಇದ್ದರೆ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು.

ಬಾನೆಟ್ ಎತ್ತಿದ ಕೂಡಲೇ ನೋಡಬೇಕಾದ್ದು ಬ್ಯಾಟರಿಯ ಯಾವ ಕಂಬ (ಟರ್ಮಿನಲ್) ಗಾಡಿಯ ಲೋಹದ ಬಾಡಿಗೆ ಜೋಡಿಸಿದೆ, ಅಂದರೆ ಅರ್ತ್ ಆಗಿದೆ, ಅನ್ನೋದನ್ನ. ಇನ್ನೊಂದು ಲೈವ್ ಕಂಬ. ಹಳೇ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇತ್ತು. ಎಷ್ಟೋ ಗಾಡಿಗಳನ್ನ ಆಮೇಲೆ ಯಾರೋ ನೆಗೆಟಿವ್‌ಗೆ ತಿರುಗಿಸಿರ್ತಾರೆ. ಇದನ್ನ ನೋಡದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಆಮೇಲೆ ಬ್ಯಾಟರಿ. ರಾತ್ರಿಯಿಡೀ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧಕ್ಕೆ ಬಂದಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಿದರೆ ಯಾವ ರೀಡಿಂಗನ್ನೂ ನಂಬೋಕಾಗಲ್ಲ, ಹೊರಗಿನ ಚಾರ್ಜರ್‌ಗೆ ಹಾಕಿ ತುಂಬಿಸಿಕೊಳ್ಳಿ. ಆರು ಸೆಲ್‌ಗಳಲ್ಲಿ ಒಂದರ ಗ್ರ್ಯಾವಿಟಿ ಮಾತ್ರ ಉಳಿದವಕ್ಕಿಂತ ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ. ಡೈನಮೋ ಎಷ್ಟೇ ಸರಿ ಇದ್ದರೂ ಆ ಬ್ಯಾಟರಿ ನಿಲ್ಲಲ್ಲ. ಏಪ್ರಿಲ್, ಮೇ ಬಿಸಿಲಿಗೆ ನಮ್ಮ ಕಡೆ ನೀರು ಬೇಗ ಇಳಿಯುತ್ತೆ, ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಲೇಬೇಕು.

ಫ್ಯಾನ್ ಬೆಲ್ಟನ್ನ ಉದ್ದದ ಕಡೆ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದರೆ ಸುಮಾರು 13 ಮಿ.ಮೀ. ಬಗ್ಗಬೇಕು. ಸಡಿಲ ಇದ್ದರೆ ಲೋಡ್ ಬಿದ್ದಾಗ ಜಾರುತ್ತೆ, ತೀರಾ ಬಿಗಿ ಮಾಡಿದರೆ ಡೈನಮೋದ ಹಿಂದಿನ ಬುಷ್ ಸವೆಯುತ್ತೆ.

ಬ್ಯಾಟರಿ, ಇಂಜಿನ್, ಬಾಡಿ ಸೇರಿಸೋ ಅರ್ತ್ ಪಟ್ಟಿಯನ್ನ ಕಣ್ಣಲ್ಲಿ ನೋಡಿ ಸರಿ ಇದೆ ಅಂತ ಬಿಡಬೇಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬದ ಮೇಲೆ (ವೈರಿನ ತುದಿಯ ಲಗ್ ಮೇಲಲ್ಲ, ಕಂಬದ ಸೀಸದ ಮೇಲೆ), ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಕಬ್ಬಿಣದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಪಟ್ಟಿ ಅಥವಾ ಲಗ್ ಕೆಟ್ಟಿದೆ. ಬಾಡಿಗೆ ಪೇಂಟ್ ಹೊಡೆಸಿ ಬಂದ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ: ಪಟ್ಟಿಯ ಬೋಲ್ಟ್ ಅಡಿಯಲ್ಲೂ ಬಣ್ಣ, ಕಟೌಟ್ ಬಾಕ್ಸಿನ ಸ್ಕ್ರೂ ಅಡಿಯಲ್ಲೂ ಬಣ್ಣ. ಬಾಕ್ಸಿನ 'ಇ' ಟರ್ಮಿನಲ್‌ಗೆ ಅರ್ತ್ ಸರಿಯಾಗಿ ಸಿಗದಿದ್ದರೆ ರೆಗ್ಯುಲೇಟರ್ ಕಾಯಿಲ್‌ಗೆ ನಿಜವಾದ ವೋಲ್ಟೇಜ್ ಗೊತ್ತಾಗಲ್ಲ. ಆಗ ಡೈನಮೋ ಮಿತಿ ಮೀರಿ ಕೊಟ್ಟು ಬ್ಯಾಟರಿ ಕುದಿಯುತ್ತೆ, ಹೆಡ್‌ಲೈಟ್ ಬಲ್ಬು ಹೋಗುತ್ತವೆ.

ಈಗ ಡೈನಮೋ. ಲೂಕಾಸ್ ಕಂಪನಿಯ ಮಾದರಿಯಲ್ಲಿ ದೊಡ್ಡ ಟರ್ಮಿನಲ್ 'ಡಿ' (ಕರೆಂಟ್ ಹೊರಬರೋದು), ಸಣ್ಣದು 'ಎಫ್' (ಫೀಲ್ಡ್ ಕಾಯಿಲ್‌ನದು). ಎರಡೂ ವೈರು ಬಿಚ್ಚಿ, ಎರಡು ಟರ್ಮಿನಲ್‌ಗಳನ್ನ ಒಂದು ತುಂಡು ವೈರಿನಿಂದ ಸೇರಿಸಿ, ಮೀಟರನ್ನ ಅಲ್ಲಿಂದ ಡೈನಮೋ ಬಾಡಿಗೆ ಹಾಕಿ. ಇಂಜಿನನ್ನ ಐಡಲ್‌ನಿಂದ ನಿಧಾನಕ್ಕೆ ಸಾವಿರ ಆರ್‌ಪಿಎಂ ಕಡೆ ಏರಿಸಿದರೆ ವೋಲ್ಟೇಜ್ ತಡವರಿಸದೆ ಒಂದೇ ಸಮ ಏರಬೇಕು. 20 ವೋಲ್ಟ್ ದಾಟಿಸಬೇಡಿ, ಅಷ್ಟು ಮಾಡೋಕೆ ರೇಸ್ ಕೊಡೋದೂ ಬೇಡ. ಇಲ್ಲಿ ಸಿಗೋ ಅಂಕಿಯೇ ರೋಗ ಹೇಳುತ್ತೆ. ಏನೂ ಬರದಿದ್ದರೆ ಬ್ರಷ್ (ತಿರುಗೋ ಭಾಗದಿಂದ ಕರೆಂಟ್ ಎತ್ತೋ ಇಂಗಾಲದ ತುಂಡು) ಕಡೆ ನೋಡಿ. ಅರ್ಧದಿಂದ ಒಂದು ವೋಲ್ಟ್‌ಗೆ ನಿಂತರೆ ಅಯಸ್ಕಾಂತ ಶಕ್ತಿ ಹುಟ್ಟಿಸೋ ಫೀಲ್ಡ್ ಕಾಯಿಲ್ ಮೇಲೆ ಅನುಮಾನ. 'ಎಫ್'ನಿಂದ ಬಾಡಿಗೆ ಸುಮಾರು 6 ಓಮ್ ಬರಬೇಕು. ನಾಲ್ಕೈದು ವೋಲ್ಟ್‌ಗೆ ನಿಂತರೆ ಒಳಗೆ ತಿರುಗೋ ಆರ್ಮೇಚರ್ ಮೇಲೆ. ಒಂದೇ ಸಮ ಏರಿತು ಅಂದರೆ ಡೈನಮೋ ಸರಿ ಇದೆ, ಅದನ್ನ ಬಿಚ್ಚಬೇಡಿ. ಬಿಚ್ಚಿದ ವೈರುಗಳನ್ನ ಡೈನಮೋಗೆ ಮತ್ತೆ ಹಾಕಿ, ಬಾಕ್ಸಿನ ತುದಿಯಲ್ಲಿ ಅದೇ ಎರಡು ವೈರು ಬಿಚ್ಚಿ ಸೇರಿಸಿ ಇದೇ ಪರೀಕ್ಷೆ ಮಾಡಿ. ಅಲ್ಲಿ ಬರದಿದ್ದರೆ ತಪ್ಪು ವೈರಿನದು.

ಬಿಚ್ಚಲೇಬೇಕಾಗಿ ಬಂದರೆ ಕಾಮ್ಯುಟೇಟರನ್ನ (ಆರ್ಮೇಚರ್ ತುದಿಯಲ್ಲಿ ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಉರುಳೆ) ಬೆಳಕಿಗೆ ಹಿಡಿದು ಒಂದು ಸುತ್ತು ನಿಧಾನಕ್ಕೆ ತಿರುಗಿಸಿ. ಚೆನ್ನಾಗಿರೋದು ಚಾಕೊಲೇಟ್ ಬಣ್ಣಕ್ಕೆ ಒಂದೇ ಸಮ ಹೊಳೆಯುತ್ತೆ. ಒಂದೆರಡು ಪಟ್ಟಿ ಮಾತ್ರ ಸುಟ್ಟು ಕಪ್ಪಾಗಿದ್ದರೆ ಆ ಕಾಯಿಲ್ ಕಡಿದಿದೆ. ಕವರ್‌ನ ಒಳಮೈಯಲ್ಲಿ ಬೆಸುಗೆಯ ಬೆಳ್ಳಿ ಚುಕ್ಕೆಗಳು ಸಿಡಿದಿದ್ದರೆ ಡೈನಮೋ ತನ್ನ ಶಕ್ತಿಗೆ ಮೀರಿದ ಲೋಡ್ ಎಳೆದು ಕಾದಿದೆ ಅಂತ ಅರ್ಥ. ಲೋಡ್ ಕಡಿಮೆ ಮಾಡದೆ ಆರ್ಮೇಚರ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಪಟ್ಟಿಗಳ ನಡುವಿನ ಅಭ್ರಕ ತಾಮ್ರದ ಮಟ್ಟಕ್ಕೆ ಬಂದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸುಮಾರು 0.8 ಮಿ.ಮೀ. ಆಳಕ್ಕೆ ಕೆರೆಯಿರಿ, ಇಲ್ಲದಿದ್ದರೆ ಬ್ರಷ್ ಕುಣಿದು ಕಿಡಿ ಹಾರುತ್ತೆ. ಬ್ರಷ್ 8 ಮಿ.ಮೀ.ಗಿಂತ ಸಣ್ಣದಾಗಿದ್ದರೆ ಬದಲಿಸಿ. ಉದ್ದ ಇದ್ದರೂ ಹೋಲ್ಡರ್‌ನಲ್ಲಿ ಸರಾಗವಾಗಿ ಜಾರುತ್ತಾ ನೋಡಿ. ಬಯಲುಸೀಮೆ ಧೂಳು, ಇಂಗಾಲದ ಪುಡಿ, ಬುಷ್‌ಗೆ ಅತಿಯಾಗಿ ಬಿಟ್ಟ ಆಯಿಲ್ ಸೇರಿ ಬ್ರಷ್ ಕಚ್ಚಿಕೊಳ್ಳುತ್ತೆ. ಹಿಂದಿನ ಬುಷ್‌ನ ತೂತಿಗೆ ಇಂಜಿನ್ ಆಯಿಲ್ ಎರಡು ಮೂರು ಹನಿ ಸಾಕು.

ಡೈನಮೋ ಬಹಳ ದಿನ ಸುಮ್ಮನೆ ಬಿದ್ದಿದ್ದರೆ, ಅಥವಾ ಅರ್ತ್ ತಿರುಗಿಸಿದ್ದರೆ, ಫೀಲ್ಡನ್ನ ಪೋಲರೈಸ್ ಮಾಡಬೇಕು, ಅಂದರೆ ಅದರ ಅಯಸ್ಕಾಂತದ ದಿಕ್ಕನ್ನ ಬ್ಯಾಟರಿಗೆ ಹೊಂದಿಸಬೇಕು. ಡೈನಮೋದ 'ಎಫ್' ವೈರು ಬಿಚ್ಚಿ, ಬ್ಯಾಟರಿಯ ಲೈವ್ ಕಂಬದಿಂದ ಒಂದು ವೈರು ತಂದು ಆ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣ ಮಾತ್ರ ಮುಟ್ಟಿಸಿ. ಬಾಕ್ಸಿಗೆ ಹೋಗೋ ವೈರು ಹಾಕಿಕೊಂಡೇ ಇದನ್ನ ಮಾಡಿದರೆ ರೆಗ್ಯುಲೇಟರ್ ಪಾಯಿಂಟ್ (ಕೂಡಿ ಬಿಡೋ ಸಂಪರ್ಕ ತುದಿಗಳು) ಸುಡುತ್ತವೆ.

ಅತಿ ಹೆಚ್ಚು ಕೆಡಿಸೋದು ಕಟೌಟ್ ಬಾಕ್ಸನ್ನ. ಎರಡು ಕಾಯಿಲ್ ಇರೋ ಹಳೇ ಲೂಕಾಸ್ ಬಾಕ್ಸಿನಲ್ಲಿ ಟರ್ಮಿನಲ್‌ಗಳು ಎ, ಎ1, ಎಫ್, ಡಿ, ಇ. ಸೆಟ್ಟಿಂಗ್ ನೋಡೋಕೆ ಎ, ಎ1 ವೈರುಗಳನ್ನ ಬಾಕ್ಸಿಂದ ಬಿಚ್ಚಿ ಒಂದಕ್ಕೊಂದು ಸೇರಿಸಿ, ಬಾಡಿಗೆ ತಾಗದಂತೆ ಟೇಪ್ ಸುತ್ತಿ, ಮೀಟರನ್ನ 'ಡಿ'ಯಿಂದ 'ಇ'ಗೆ ಹಾಕಿ. ರೇಸ್ ನಿಧಾನಕ್ಕೆ ಏರಿಸುತ್ತಾ ಹೋದರೆ ವೋಲ್ಟೇಜ್ ಒಂದು ಕಡೆ ಬಂದು ನಿಲ್ಲುತ್ತೆ. 20 ಡಿಗ್ರಿ ಹವೆಯಲ್ಲಿ ಅದು 16ರ ಆಸುಪಾಸು ಇರಬೇಕು, ಬಿಸಿಲು ಹೆಚ್ಚಿದಂತೆ ಸ್ವಲ್ಪ ಕಡಿಮೆ. ಈ 16 ನೋಡಿ ಗಾಬರಿಯಾಗಿ, ಈಗಿನ ಗಾಡಿಗಳ ಲೆಕ್ಕದಲ್ಲಿ 14.4ಕ್ಕೆ ಇಳಿಸೋರು ಬಹಳ ಜನ. ಬ್ಯಾಟರಿ ಯಾವತ್ತೂ ತುಂಬದೆ ಉಳಿಯೋದು ಇಲ್ಲಿಂದಲೇ. ಈ ಅಂಕಿ ಲೋಡ್ ಇಲ್ಲದಾಗಿನದು. ವೈರು ಹಾಕಿ ಕರೆಂಟ್ ಹರಿದಾಗ ಬಾಕ್ಸಿನೊಳಗಿನ ದಪ್ಪ ಸುತ್ತುಗಳೇ ವೋಲ್ಟೇಜನ್ನ ಕೆಳಗೆಳೆಯುತ್ತವೆ. ಅಳತೆ ಅರ್ಧ ನಿಮಿಷದಲ್ಲಿ ಮುಗಿಯಬೇಕು, ಕಾಯಿಲ್ ಕಾದರೆ ರೀಡಿಂಗ್ ತಪ್ಪುತ್ತೆ. ಕಟೌಟ್ ಪಾಯಿಂಟ್ 12.7ರಿಂದ 13.3 ವೋಲ್ಟಿನೊಳಗೆ ಕೂಡಬೇಕು.

ಸ್ಕ್ರೂ ತಿರುಗಿಸೋ ಮುಂಚೆ ಪಾಯಿಂಟ್ ಸ್ವಚ್ಛ ಮಾಡಿ. ಅರ್ಧದಷ್ಟು ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ ಅನ್ನೋದು ನಮ್ಮ ಅನುಭವ. ರೆಗ್ಯುಲೇಟರಿನ ಗಟ್ಟಿ ಪಾಯಿಂಟಿಗೆ ನಯವಾದ ಕಾರ್ಬೊರಂಡಮ್ ಕಲ್ಲು, ಕಟೌಟಿನ ಮೆತ್ತನೆ ಪಾಯಿಂಟಿಗೆ ನಯವಾದ ಗ್ಲಾಸ್ ಪೇಪರ್. ಎಮರಿ ಬೇಡ, ಅದರ ಪುಡಿ ಲೋಹಕ್ಕೆ ಹೊಕ್ಕು ಕೂರುತ್ತೆ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ.

ಇಂಜಿನ್ ಆಫ್ ಮಾಡಿದ ಮೇಲೂ ಡೈನಮೋ ಬಿಸಿಯೇರುತ್ತಿದ್ದರೆ, ಆಂಪ್ ಮೀಟರ್ ಡಿಸ್ಚಾರ್ಜ್ ಕಡೆ ಪೂರ್ತಿ ಬಿದ್ದಿದ್ದರೆ, ಕಟೌಟ್ ಪಾಯಿಂಟ್ ಅಂಟಿಕೊಂಡಿವೆ. ತಕ್ಷಣ ಬ್ಯಾಟರಿ ಕಳಚಿ, ಇಲ್ಲದಿದ್ದರೆ ವೈರಿಂಗ್ ಸುಡುತ್ತೆ.

ಇನ್ನು ಗಾಡಿಯಲ್ಲಿ ಏನೂ ಕೆಟ್ಟಿಲ್ಲದೆ ಬ್ಯಾಟರಿ ಇಳಿಯೋ ಸಂದರ್ಭ. ಮದುವೆ ಮೆರವಣಿಗೆಗೆ ಅಂಬಾಸಿಡರ್ ಹೋಗುತ್ತೆ, ನಡಿಗೆಯ ವೇಗದಲ್ಲಿ, ಲೈಟ್ ಹಾಕಿಕೊಂಡು. ಐಡಲ್‌ನಲ್ಲಿ ಡೈನಮೋ ಏನೂ ಕೊಡಲ್ಲ, ಚಾರ್ಜಿಂಗ್‌ನ ಕೆಂಪು ವಾರ್ನಿಂಗ್ ದೀಪ ಮಿಣುಕೋದು ಅದರ ಗುಣ. 45 ವ್ಯಾಟಿನ ಎರಡು ಹೆಡ್‌ಲೈಟ್‌ಗೆ 7.5 ಆಂಪ್, ಹಿಂದಿನ ದೀಪಗಳು, ಇಗ್ನಿಷನ್ ಕಾಯಿಲ್ ಸೇರಿದರೆ 12ರ ಹತ್ತಿರ. ಎರಡು ಗಂಟೆಗೆ 24 ಆಂಪ್-ಅವರ್, ಅಂದರೆ 50ರ ಬ್ಯಾಟರಿಯಲ್ಲಿ ಅರ್ಧ ಖಾಲಿ. 100 ವ್ಯಾಟ್ ಹ್ಯಾಲೊಜನ್ ಹಾಕಿಸಿದ್ದರೆ ಹೆಡ್‌ಲೈಟ್‌ಗೇ 16 ಆಂಪ್ ದಾಟುತ್ತೆ, 22 ಆಂಪಿನ ಡೈನಮೋಗೆ ಹೈವೇಯಲ್ಲೂ ಉಸಿರು ಸಾಲಲ್ಲ. ಇಂಥ ಬಳಕೆ ಇದ್ದವರು ಡೈನಮೋ ಬದಲು ಆಲ್ಟರ್ನೇಟರ್ (ಈಗಿನ ಗಾಡಿಗಳಲ್ಲಿ ಕರೆಂಟ್ ಹುಟ್ಟಿಸೋದು, ಐಡಲ್‌ನಲ್ಲೂ ಚಾರ್ಜ್ ಕೊಡುತ್ತೆ) ಹಾಕಿಸೋದು ಸರಿಯೇ. ಆದರೆ ಪಾಸಿಟಿವ್ ಅರ್ತ್ ಇರೋ ಗಾಡಿಗೆ ಹಾಗೇ ಕೊಟ್ಟರೆ ಡಯೋಡ್ ಕ್ಷಣದಲ್ಲಿ ಹೋಗುತ್ತವೆ, ಮೊದಲು ಅರ್ತ್ ತಿರುಗಿಸಿಕೊಳ್ಳಬೇಕು. ಡೈನಮೋಗಿದ್ದ ವೈರು ಹೊಸ ಕರೆಂಟ್ ತಡೆಯಲ್ಲ, ಬ್ಯಾಟರಿಗೆ ದಪ್ಪ ವೈರನ್ನೇ ಎಳೆಯಿರಿ. ವಾರ್ನಿಂಗ್ ದೀಪದ ಬಲ್ಬನ್ನೂ ನೋಡಿ: ಡೈನಮೋಗೆ ಅದು ಬರೀ ಸೂಚನೆ, ಎಷ್ಟೋ ಆಲ್ಟರ್ನೇಟರ್‌ಗಳಿಗೆ ಚಾರ್ಜ್ ಶುರುವಾಗೋಕೇ ಅದರ ಮೂಲಕ ಕರೆಂಟ್ ಬೇಕು.

ಕೆಲಸ ಮುಗಿದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಹರಿಹರದವರೆಗೆ ಹೋಗಿ ಬನ್ನಿ. ಬಂದು ಇಂಜಿನ್ ಆಫ್ ಮಾಡದೆ, 1,500 ಆರ್‌ಪಿಎಂನಲ್ಲಿ ಬಾಕ್ಸಿನ 'ಎ'ಯಿಂದ ಬ್ಯಾಟರಿಯ ಲೈವ್ ಕಂಬಕ್ಕೆ ಮೀಟರ್ ಹಾಕಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಿದ್ದರೆ ನಡುವೆ ಇನ್ನೂ ಒಂದು ಕೆಟ್ಟ ಜಾಯಿಂಟ್ ಉಳಿದಿದೆ. ಅದನ್ನ ಹುಡುಕಿ ಸರಿಮಾಡಿ, ಆಮೇಲೆ ಗಾಡಿ ಕೊಡಿ.