ಬೇಸ್ ಕೀಳುವ ಮುಂಚೆ ಒಮ್ಮೆ ತಿರುಗಿಸಿ ನೋಡಿ

ನನ್ನ ಕೆಲಸ ಹಳೆಯ ಸೈನಿಕ ಗೊಂಬೆಗಳನ್ನು ಸರಿಮಾಡುವುದು. ಅಂಗಡಿಯಲ್ಲಿ ಸಿಗುವ ಆಟಿಕೆ ಅಲ್ಲ. ಮೇಜಿನ ಮೇಲೆ ಹಳೆಯ ಕಾಲದ ಯುದ್ಧಗಳನ್ನು ಆಡುವ ವಾರ್‌ಗೇಮ್ ಅಂತ ಒಂದು ಆಟ ಇದೆಯಲ್ಲ, ಅದಕ್ಕೆ ಬಳಸುವ ಹೆಬ್ಬೆರಳಷ್ಟು ಎತ್ತರದ ಲೋಹದ ಸೈನಿಕರು. ಮುರಿದ ಬಂದೂಕು ಕೂರಿಸುತ್ತೇನೆ, ಹೋದ ಬಣ್ಣ ತುಂಬುತ್ತೇನೆ, ಗೊಂಬೆ ನಿಲ್ಲುವ ಹಳೆಯ ಬೇಸ್ ತೆಗೆದು ಹೊಸದಕ್ಕೆ ಹಾಕುತ್ತೇನೆ. ಮೈಸೂರಿನ ಅಗ್ರಹಾರದ ಹತ್ತಿರ ಮನೆಯ ಮುಂದಿನ ರೂಮೇ ನನ್ನ ವರ್ಕ್‌ಶಾಪ್. ಈ ಕೆಲಸ ಮಾಡುವವರು ನಮ್ಮ ಕಡೆ ತುಂಬ ಕಡಿಮೆ. ಹಾಗಾಗಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಇನ್ನೊಬ್ಬರು ಅದನ್ನೇ ಮಾಡುವುದು ಬೇಡ.

ಹೋದ ವರ್ಷ ಮಳೆಗಾಲದಲ್ಲಿ ಮಂಡ್ಯದಿಂದ ಒಬ್ಬರು ಮೂರು ಪೆಟ್ಟಿಗೆ ತಂದರು. ಅವರ ತಂದೆ ತೀರಿಕೊಂಡು ಎರಡು ವರ್ಷ ಆಗಿತ್ತು. ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಇಂಗ್ಲೆಂಡಿನಲ್ಲಿದ್ದ ನೆಂಟರ ಕೈಯಲ್ಲಿ ಗೊಂಬೆ ತರಿಸಿ, ವರ್ಷಗಟ್ಟಲೆ ರಾತ್ರಿ ಕೂತು ಬಣ್ಣ ಹಚ್ಚಿದ್ದರಂತೆ. ಒಟ್ಟು 164 ಗೊಂಬೆ. ಎಲ್ಲವೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯವು. ಒಂದು ಕಡೆ ಟಿಪ್ಪುವಿನ ಹುಲಿಪಟ್ಟೆ ಅಂಗಿಯ ಸಿಪಾಯಿಗಳು, ರಾಕೆಟ್ ಹಾರಿಸುವವರು. ಇನ್ನೊಂದು ಕಡೆ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಕೆಂಪು ಕೋಟಿನವರು.

ಮಗನಿಗೆ ಬೇಕಾಗಿದ್ದು ಇಷ್ಟೇ. ಬೆಂಗಳೂರಿನಲ್ಲಿ ಅವರ ಗೆಳೆಯರು ಈ ಆಟ ಆಡುತ್ತಾರೆ. ಅವರ ನಿಯಮದಲ್ಲಿ ಪ್ರತಿ ಬೇಸ್ 60 ಮಿಲಿಮೀಟರ್ ಅಗಲ ಇರಬೇಕು. ತಂದೆ ಮಾಡಿದ್ದು ಬೇರೆ ಅಳತೆ. ಗೊಂಬೆ ಹಾಗೇ ಇರಲಿ, ಬೇಸ್ ಮಾತ್ರ ಬದಲಾಯಿಸಿ ಕೊಡಿ ಅಂದರು.

ಗೊತ್ತಿಲ್ಲದವರಿಗೆ ಒಂದು ಮಾತು. ಬೇಸ್ ಅಂದರೆ ಗೊಂಬೆ ಬೀಳದ ಹಾಗೆ ಹಿಡಿಯುವ ಹಲಗೆ ಅಷ್ಟೇ ಅಲ್ಲ, ಆಟದ ಅಳತೆಗೋಲೇ ಅದು. ಒಂದು ತುಕಡಿ ಎಷ್ಟು ಅಗಲ ನಿಂತಿದೆ, ಎದುರಿಗೆ ಎಷ್ಟು ಜನ ತಾಗುತ್ತಾರೆ, ಯಾವ ಕಡೆ ಮುಖ ಮಾಡಿದ್ದಾರೆ, ಎಲ್ಲವನ್ನೂ ಬೇಸಿನ ಅಂಚಿನಿಂದ ಲೆಕ್ಕ ಹಾಕುತ್ತಾರೆ. ಇಬ್ಬರ ಬೇಸ್ ಬೇರೆ ಬೇರೆ ಆದರೆ ಆಟ ಸಾಗುವುದಿಲ್ಲ. ಇನ್ನೊಂದು ಉಪಯೋಗವೂ ಇದೆ. ಕೈ ಹಾಕುವುದು ಬೇಸಿಗೆ. ಗೊಂಬೆಯನ್ನೇ ಹಿಡಿದು ಎತ್ತಿದರೆ ಬೆರಳಿನ ಜಿಡ್ಡಿಗೆ ಬಣ್ಣ ಹೋಗುತ್ತದೆ, ಬಂದೂಕಿನ ತುದಿಯ ಬಯೊನೆಟ್ ಬಾಗುತ್ತದೆ.

ಮೊದಲ ಪೆಟ್ಟಿಗೆಯಲ್ಲಿ 58 ಗೊಂಬೆ ಇದ್ದವು, ಎಲ್ಲ ಕೆಂಪು ಕೋಟು. ಬೇಸ್ ದಪ್ಪ ರಟ್ಟಿನದು. ಹಳೆಯ ಲೆಕ್ಕದ ಪುಸ್ತಕದ ರಟ್ಟನ್ನೇ ಕತ್ತರಿಸಿದ್ದರು ಅಂತ ಆಮೇಲೆ ತಿಳಿಯಿತು. ಅಂಟು ಫೆವಿಕಾಲ್. ಅದನ್ನು ನೋಡಿ ನನಗೆ ಖುಷಿಯಾಯಿತು. ಫೆವಿಕಾಲ್ ಅಂಟು ನೀರಿಗೆ ಬಿಡುತ್ತದೆ. ಬಣ್ಣ ಎನಾಮೆಲ್, ಅದಕ್ಕೆ ನೀರಿನ ಭಯ ಇಲ್ಲ. ರಾತ್ರಿ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಹಾಕಿ ಎಲ್ಲವನ್ನೂ ನಿಲ್ಲಿಸಿ ಮಲಗಿದೆ. ಬೆಳಗ್ಗೆ ಗೊಂಬೆಗಳು ಸಲೀಸಾಗಿ ಕೈಗೆ ಬಂದವು. ಒಂದರ ಕಾಲೂ ಮುರಿಯಲಿಲ್ಲ. ರಟ್ಟು ಪೂರ್ತಿ ಕರಗಿ ಅಂಬಲಿಯಂತೆ ಆಗಿತ್ತು. ಅದನ್ನು ಚೆಲ್ಲುವಾಗ ಒಂದು ಚೂರಿನ ಮೇಲೆ ಪೆನ್ಸಿಲ್ ಗೆರೆ ಕಂಡಿತು. ಕನ್ನಡದ "ನೇ" ಅಕ್ಷರ. ಅಷ್ಟೇ ಉಳಿದಿತ್ತು.

ಓಡಿಹೋಗಿ ಎರಡನೇ ಪೆಟ್ಟಿಗೆ ತೆಗೆದು ಒಂದು ಬೇಸ್ ತಿರುಗಿಸಿದೆ. ಅಡಿಯಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: "33ನೇ ರೆಜಿಮೆಂಟ್. ಸುಲ್ತಾನಪೇಟೆ ತೋಪು. 1988 ಯುಗಾದಿ." ಇನ್ನೊಂದು ತಿರುಗಿಸಿದೆ. ಅದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು. ಯಾವ ತುಕಡಿ, ಯಾವ ಜಾಗ, ಬಣ್ಣ ಮುಗಿದದ್ದು ಯಾವತ್ತು. ಸುಲ್ತಾನಪೇಟೆ ತೋಪು ಅಂದರೆ 1799ರ ಏಪ್ರಿಲ್ 5ರ ರಾತ್ರಿ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ 33ನೇ ರೆಜಿಮೆಂಟಿನ ಜೊತೆ ಕತ್ತಲೆಯಲ್ಲಿ ದಾರಿ ತಪ್ಪಿ ಹಿಂದೆ ಸರಿದ ಜಾಗ. ಆ ರಾತ್ರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಗೊಂಬೆಗಳಿಗೆ ಅವರು ಬಣ್ಣ ಹಾಕಿದ್ದಾರೆ. ಅಂಥವೇ ಸಾಲುಗಳನ್ನು ನಾನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ ಕಳೆದಿದ್ದೆ.

ನನಗೆ ಜಾಸ್ತಿ ನೋವಾಗಿದ್ದು ಇದಕ್ಕೆ. ನಮ್ಮ ಮನೆಯಲ್ಲಿ ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಅಮ್ಮ ಪ್ರತಿ ಗೊಂಬೆಯ ಅಡಿಯಲ್ಲಿ ಯಾವ ವರ್ಷ ತಂದದ್ದು, ಯಾರು ಕೊಟ್ಟದ್ದು ಅಂತ ಬರೆಯುತ್ತಿದ್ದರು. ಗೊಂಬೆಗೆ ಬಣ್ಣ ಹಚ್ಚುವುದನ್ನು ನಾನು ಕಲಿತದ್ದೇ ಅವರಿಂದ. ಗೊಂಬೆಯ ಅಡಿಯಲ್ಲಿ ಬರಹ ಇರುತ್ತದೆ ಅನ್ನುವುದು ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆದರೂ ತಿರುಗಿಸಿ ನೋಡಲಿಲ್ಲ.

ಅವತ್ತೇ ಮಂಡ್ಯಕ್ಕೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಅಪ್ಪ ಬರ್ದಿದ್ದು ಇನ್ನೆಲ್ಲೂ ಇಲ್ಲ ಸಾರ್. ಪುಸ್ತಕ ಗಿಸ್ತಕ ಏನೂ ಇಟ್ಟಿರ್ಲಿಲ್ಲ. ಅದೇ ಇದ್ದಿದ್ದು" ಅಂದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ.

ಬರಹ ಹೋದರೆ ಏನು, ಗೊಂಬೆ ನೋಡಿದರೆ ಯಾವ ರೆಜಿಮೆಂಟ್ ಅಂತ ಗೊತ್ತಾಗುವುದಿಲ್ಲವಾ ಅಂತ ನೀವು ಕೇಳಬಹುದು. ಸಾಮಾನ್ಯವಾಗಿ ಗೊತ್ತಾಗುತ್ತದೆ. ಆ ಕಾಲದ ಬ್ರಿಟಿಷ್ ರೆಜಿಮೆಂಟುಗಳಲ್ಲಿ ಕೋಟು ಎಲ್ಲರದ್ದೂ ಕೆಂಪು, ಆದರೆ ಕಾಲರ್ ಮತ್ತು ತೋಳಿನ ಪಟ್ಟಿಯ ಬಣ್ಣ ಬೇರೆ ಬೇರೆ. 33ಕ್ಕೆ ಕೆಂಪು, 73ಕ್ಕೆ ಕಡು ಹಸಿರು, 74ಕ್ಕೆ ಬಿಳಿ. ನಾನು ನೆನೆಸಿದ ಪೆಟ್ಟಿಗೆಯಲ್ಲಿ ಇದ್ದದ್ದು 12, 75, 77. ಮೂರಕ್ಕೂ ಹಳದಿ. ಗೊಂಬೆಗಳೂ ಒಂದೇ ಅಚ್ಚಿನವು. ಅದೇ ದುಂಡು ಟೋಪಿ, ಅದೇ ಬಿಳಿ ಪ್ಯಾಂಟು. ಮೂರು ರೆಜಿಮೆಂಟಿನವರು ಟವೆಲ್ ಮೇಲೆ ಒದ್ದೆಯಾಗಿ ಒಟ್ಟಿಗೆ ಮಲಗಿದ್ದರು.

ದಾರಿ ತೋರಿಸಿದ್ದು ಬಾವುಟ. ಪ್ರತಿ ರೆಜಿಮೆಂಟಿಗೆ ಎರಡು ಬಾವುಟ, ಹಿಡಿಯುವವರು ಇಬ್ಬರು. ಒಂದು ರಾಜನ ಬಾವುಟ. ಇನ್ನೊಂದು ರೆಜಿಮೆಂಟಿನದು, ಅದು ಸಾಮಾನ್ಯವಾಗಿ ಅವರವರ ಕಾಲರಿನ ಬಣ್ಣದ್ದು. ನಡುವೆ ರೆಜಿಮೆಂಟಿನ ಸಂಖ್ಯೆ ರೋಮನ್ ಅಂಕಿಯಲ್ಲಿ ಇರುತ್ತದೆ. ಉಗುರಿನಷ್ಟು ಬಾವುಟದ ಮೇಲೆ ಆ ಅಂಕಿಗಳನ್ನು ಅವರು ಒಂದೂ ಬಿಡದೆ ಬರೆದಿದ್ದರು. ಅಲ್ಲಿಗೆ ಆರು ಗೊಂಬೆ ಯಾವುದಕ್ಕೆ ಸೇರಿದವು ಅಂತ ಗೊತ್ತಾಯಿತು. ಉಳಿದದ್ದು 52.

ಹಳದಿ ಮೂರೂ ಒಂದೇ ಅಲ್ಲ ಅನ್ನುವುದು ಎರಡು ದಿನ ನೋಡಿದ ಮೇಲೆ ಕಂಡಿತು. ಬೇರೆ ಬೇರೆ ವರ್ಷ ಕೂತು ಹಚ್ಚಿದ ಬಣ್ಣ ಅದು. ಪ್ರತಿ ಸಲ ಹೊಸದಾಗಿ ಕಲಸಿದ್ದಾರೆ. ಬಾವುಟ ಹಿಡಿದವನ ಕಾಲರನ್ನು ಪಕ್ಕದಲ್ಲಿಟ್ಟು, ಒಂದೊಂದೇ ಗೊಂಬೆಯನ್ನು ಲೆನ್ಸಿನಲ್ಲಿ ಹೋಲಿಸುತ್ತಾ ಹೋದೆ. ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ, ಕಿಟಕಿಯ ಬೆಳಕಿನಲ್ಲಿ ಮಾತ್ರ. ಟ್ಯೂಬ್‌ಲೈಟಿನಲ್ಲಿ ಎಲ್ಲ ಹಳದಿಯೂ ಒಂದೇ ಥರ ಕಾಣುತ್ತದೆ. ಒಂದು ಗುಂಪಿನಲ್ಲಿ ಹಳದಿಯ ಕೆಳಗೆ ಬಿಳಿ ಪದರ ಇತ್ತು, ಬಣ್ಣ ಎದ್ದ ಕಡೆ ಅದು ಇಣುಕುತ್ತಿತ್ತು. ಇನ್ನೊಂದರಲ್ಲಿ ನೇರವಾಗಿ ಕೆಂಪಿನ ಮೇಲೆ ಹಚ್ಚಿದ್ದರಿಂದ ಮಾವಿನ ಹಣ್ಣಿನ ಬಣ್ಣ ಬಂದಿತ್ತು. ಮೂರನೆಯದರಲ್ಲಿ ಕಾಲರಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ. ಅಷ್ಟು ಹೊತ್ತಿಗೆ ಕೈ ನುರಿತಿತ್ತು ಅಂತ ಕಾಣುತ್ತದೆ. ಒಬ್ಬ ಮನುಷ್ಯ ಕೆಲಸ ಕಲಿಯುತ್ತಾ ಬಂದದ್ದು ಆ ಕಾಲರುಗಳಲ್ಲೇ ಕಂಡಿತು. ಒಂದು ವಾರದಲ್ಲಿ 45 ಗೊಂಬೆ ತಮ್ಮ ತಮ್ಮ ಗುಂಪಿಗೆ ಸೇರಿದವು. ಏಳು ಮಾತ್ರ ಯಾವುದಕ್ಕೂ ಖಂಡಿತವಾಗಿ ಹೊಂದಲಿಲ್ಲ.

ಈ ಬಣ್ಣ ಪೂರ್ತಿ ತೆಗೆದು ಹೊಸದಾಗಿ ಹಚ್ಚಬಹುದಲ್ಲ ಅಂತ ಒಬ್ಬ ಗೆಳೆಯರು ಕೇಳಿದರು. ಮಾಡಬಹುದು. ಲೋಹದ ಗೊಂಬೆಯಾದರೆ ಅಸಿಟೋನ್‌ನಲ್ಲಿ ಬಣ್ಣ ಬೇಗ ಬಿಡುತ್ತದೆ. ಪ್ಲಾಸ್ಟಿಕ್ ಗೊಂಬೆಗೆ ಮಾತ್ರ ಅದನ್ನು ಮುಟ್ಟಿಸಬಾರದು, ಗೊಂಬೆಯೇ ಕರಗುತ್ತದೆ. ಆದರೆ ಇಲ್ಲಿ ಹಾಗೆ ಮಾಡಿದ್ದರೆ ಉಳಿದದ್ದನ್ನೂ ಕಳೆದ ಹಾಗೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಚಿತ್ರಗಳನ್ನು ನೋಡಿದ್ದೀರಲ್ಲ. ಪೊಲ್ಲಿಲೂರು ಯುದ್ಧದ ಆ ಚಿತ್ರಕ್ಕೆ ವೆಲ್ಲೆಸ್ಲಿ ಅಲ್ಲಿ ವಾಸವಿದ್ದಾಗ ಒಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಇನ್ನೊಮ್ಮೆ ಮೇಲೆ ಬಣ್ಣ ಬಿದ್ದಿದೆ. ಅಲ್ಲಿ ನಿಂತಾಗಲೆಲ್ಲ ಮೊದಲ ಚಿತ್ರಗಾರನ ಗೆರೆ ಯಾವುದು ಅಂತ ನಾನು ಹುಡುಕುತ್ತೇನೆ. ನನ್ನ ಮೇಜಿನ ಮೇಲೆ ಮೊದಲ ಕೈಯ ಕೆಲಸ ಇನ್ನೂ ಉಳಿದಿರುವಾಗ ಅದನ್ನು ಮುಚ್ಚಲು ಮನಸ್ಸು ಬರಲಿಲ್ಲ. ಶಾಂಪೂ ಬೆರೆಸಿದ ನೀರು, ಮೆತ್ತನೆ ಬ್ರಷ್, ಕಿವಿಗೆ ಹಾಕುವ ಹತ್ತಿಕಡ್ಡಿ. ಅಷ್ಟರಲ್ಲೇ ಹೊಗೆ, ಧೂಳು ಹೋಯಿತು. ಲೋಹ ಕಾಣುತ್ತಿದ್ದ ಕಡೆ ಮಾತ್ರ ಚುಕ್ಕೆ ಇಟ್ಟೆ. ಮೇಲೆ ಮೊದಲು ಹೊಳಪಿನ ವಾರ್ನಿಷ್, ಅದು ಗಟ್ಟಿ. ಅದರ ಮೇಲೆ ಹೊಳಪಿಲ್ಲದ ಮ್ಯಾಟ್. ಮ್ಯಾಟ್ ಸ್ಪ್ರೇಯನ್ನು ಮಳೆ ಹಿಡಿದ ದಿನ ಹೊಡೆಯಬೇಡಿ. ಗಾಳಿಯ ತೇವಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ನಾನು ಬಿಸಿಲಿಗೆ ಹನ್ನೊಂದು ದಿನ ಕಾದೆ.

ಮೂರನೇ ಪೆಟ್ಟಿಗೆಯಲ್ಲಿ ಬೇರೆ ತೊಂದರೆ. ಹುಲಿಪಟ್ಟೆಯವರಲ್ಲಿ ಆರೇಳು ಗೊಂಬೆಯ ಕಾಲಿನ ಹತ್ತಿರ ಬಿಳಿ ಪುಡಿ ಎದ್ದು ಬಣ್ಣ ಉಬ್ಬಿತ್ತು. ಅದು ಸೀಸವನ್ನು ತಿನ್ನುವ ರೋಗ. ಹಳೆಯ ಗೊಂಬೆಗಳಲ್ಲಿ ಸೀಸ ಜಾಸ್ತಿ. ಪ್ಲೈವುಡ್ ಪೆಟ್ಟಿಗೆ, ಕಳಪೆ ರಟ್ಟು ಇಂಥವುಗಳಿಂದ ಆಮ್ಲದ ಆವಿ ಸಣ್ಣಗೆ ಹೊರಡುತ್ತಿರುತ್ತದೆ. ಮುಚ್ಚಿದ ಜಾಗ, ತೇವ ಎರಡೂ ಸೇರಿದರೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಆ ಪುಡಿ ವಿಷ. ಒಣಗಿದ್ದನ್ನು ಉಜ್ಜಿ ಹಾರಿಸಬೇಡಿ, ಬಾಯಿಂದ ಊದಬೇಡಿ. ಮಾಸ್ಕ್, ಕೈಗವಸು ಹಾಕಿ ಒದ್ದೆ ಬ್ರಷ್ಷಿನಿಂದ ತೆಗೆಯಿರಿ. ಆ ಮೇಜಿನ ಹತ್ತಿರ ಕಾಫಿ ಲೋಟವೂ ಇರಬಾರದು, ಮಕ್ಕಳೂ ಬರಬಾರದು. ಚೆನ್ನಾಗಿ ಒಣಗಿಸಿ, ಪ್ರೈಮರ್ ಹಚ್ಚಿ, ಹಳೆಯ ಪೆಟ್ಟಿಗೆಗೆ ಮತ್ತೆ ಹಾಕದೆ ಇದ್ದರೆ ಗೊಂಬೆ ಉಳಿಯುತ್ತದೆ. ಅವರಿಗೆ ತಗಡಿನ ಟ್ರಂಕ್ ಕೊಳ್ಳಲು ಹೇಳಿದೆ. ಹೊಸ ಬೇಸಿನ ಅಡಿಗೆ ಮ್ಯಾಗ್ನೆಟ್ ಶೀಟ್ ಅಂಟಿಸಿದರೆ ಟ್ರಂಕಿನೊಳಗೆ ಗೊಂಬೆ ಅಲುಗಾಡುವುದಿಲ್ಲ, ಬಸ್ಸಿನಲ್ಲಿ ಬೆಂಗಳೂರಿಗೆ ಹೋದರೂ ಒಂದಕ್ಕೊಂದು ತಾಗುವುದಿಲ್ಲ.

ಉಳಿದ ಎರಡು ಪೆಟ್ಟಿಗೆಯ ಬೇಸುಗಳನ್ನು ತೆಗೆಯುವ ಕ್ರಮ ಪೂರ್ತಿ ಬದಲಾಯಿಸಿದೆ. ಮೊದಲು ಪ್ರತಿ ಬೇಸನ್ನೂ ಮೇಲಿನಿಂದ ಒಂದು, ಅಡಿಯಿಂದ ಒಂದು ಫೋಟೋ. ಗೊಂಬೆಗೆ ದಾರದಲ್ಲಿ ಸಂಖ್ಯೆ ಕಟ್ಟುವುದು. ಒಂದು ತುಕಡಿ ಮುಗಿಸಿ ಡಬ್ಬಿಗೆ ಹಾಕದೆ ಇನ್ನೊಂದನ್ನು ಮುಟ್ಟುವುದಿಲ್ಲ. ನೀರನ್ನು ಬ್ರಷ್ಷಿನಲ್ಲಿ ಕಾಲಿನ ಸುತ್ತ ಮಾತ್ರ ಹನಿಸಿ, ಅರ್ಧ ಗಂಟೆ ಬಿಟ್ಟು, ತೆಳು ಬ್ಲೇಡನ್ನು ಪಾದದ ಕೆಳಗೆ ಅಡ್ಡವಾಗಿ ತೂರಿಸುವುದು. ಹಿಡಿಯುವುದು ಸೊಂಟದಲ್ಲಿ. ತಿರುಚಿದರೆ ಮೊದಲು ಹೋಗುವುದು ಕಣಕಾಲು. ಕೆಲವು ಗೊಂಬೆಗೆ ಫೆವಿಕ್ವಿಕ್ ಹಾಕಿದ್ದರು. ಅವನ್ನು ಎರಡು ಗಂಟೆ ಫ್ರೀಜರಿನಲ್ಲಿಟ್ಟೆ. ಚಳಿಗೆ ಆ ಅಂಟು ಪೆಡಸಾಗಿ ಟಕ್ ಅಂತ ಬಿಡುತ್ತದೆ. ಬಾಗಿದ ಬಯೊನೆಟ್ಟನ್ನು ಒಂದೇ ಸಲಕ್ಕೆ, ನಿಧಾನವಾಗಿ ನೆಟ್ಟಗೆ ಮಾಡಿ. ಆ ಕಡೆ ಈ ಕಡೆ ಬಗ್ಗಿಸಿದರೆ ಮುರಿಯುತ್ತದೆ. ಮುರಿದರೆ ತೀರ ಸಣ್ಣ ಡ್ರಿಲ್ಲಿನಲ್ಲಿ ತೂತು ಮಾಡಿ, ಒಳಗೆ ಹಿತ್ತಾಳೆ ತಂತಿ ಕೊಟ್ಟು, ಅರಾಲ್ಡೈಟ್ ಅಂಟು ಹಾಕಿ. ಸುಮ್ನೆ ಅಂಟಿಸಿದ್ದು ಎರಡು ಆಟವೂ ಬಾಳುವುದಿಲ್ಲ.

ಹೊಸ ಬೇಸ್ ಮೂರು ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ; 60 ಅಗಲ, 40 ಆಳ. ಎಂಡಿಎಫ್‌ನ ಒಂದೇ ಮುಖಕ್ಕೆ ನೀರು ಬೆರೆಸಿದ ಫೆವಿಕಾಲ್ ಬಳಿದರೆ ಹಪ್ಪಳದಂತೆ ಬಾಗುತ್ತದೆ, ಆದ್ದರಿಂದ ಮೊದಲೇ ಎರಡೂ ಕಡೆ ಬಣ್ಣ ಹೊಡೆದು ಒಣಗಿಸುತ್ತೇನೆ. ಮೇಲೆ ಮರಳು. ಪಕ್ಕದಲ್ಲಿ ಮನೆ ಕಟ್ಟುವವರಿಂದ ಒಂದು ಹಿಡಿ ತಂದು, ತೊಳೆದು, ಟೀ ಸೋಸುವ ಜರಡಿಯಲ್ಲಿ ಜಾಲಿಸಿದ್ದು. ಒಣ ಹುಲ್ಲಿಗೆ ತೆಂಗಿನ ನಾರು. ವಿದೇಶದಿಂದ ಬರುವ ಹಸಿರು ಹುಲ್ಲು ಇಲ್ಲಿಗೆ ಹೊಂದುವುದಿಲ್ಲ. ಮೇ ತಿಂಗಳ ಶ್ರೀರಂಗಪಟ್ಟಣ ಅದು. ನೀರು ಇಳಿದ ಕಾವೇರಿ, ಬಂಡೆ, ಬಿಳಿಚಿದ ಹುಲ್ಲು. ಆ ಬಣ್ಣ ಹಿಡಿಯಲು ನಾನು ಒಂದು ಮಧ್ಯಾಹ್ನ ಹೋಗಿ ಹೊಳೆಯ ದಂಡೆಯಲ್ಲಿ ಕೂತು ಬಂದೆ.

ಕರಗದೆ ಉಳಿದ ಹಳೆಯ ರಟ್ಟುಗಳಿಂದ ಬರಹ ಇರುವ ಭಾಗ ಕತ್ತರಿಸಿ, ಹೊಸ ಬೇಸಿನ ಅಡಿಯಲ್ಲಿ ಮ್ಯಾಗ್ನೆಟ್ ಶೀಟಿನ ನಡುವೆ ಕಿಟಕಿಯ ಹಾಗೆ ಜಾಗ ಬಿಟ್ಟು ಕೂರಿಸಿದ್ದೇನೆ. ರಟ್ಟಿಗೆ ಆಮ್ಲ ಬಿಡುವ ಗುಣ ಇರುವುದರಿಂದ ಮೇಲೆ ವಾರ್ನಿಷ್ ಹಾಕಿ ಮುಚ್ಚಿದೆ. ಇದರಲ್ಲಿ ಕೆಲಸ ದುಪ್ಪಟ್ಟಾಯಿತು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಏಳು ಗೊಂಬೆ ಏನು ಮಾಡುವುದು ಅಂತ ಅವರನ್ನೇ ಕೇಳಿದೆ. 1799ರ ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿದ್ದು ಎರಡು ದಂಡು. ಎಡಗಡೆಯ ದಂಡಿನಲ್ಲಿ ಮುಂದೆ 75, 77ರ ಆಯ್ದ ಕಂಪನಿಗಳು, ಹಿಂದೆ 12ನೇ ರೆಜಿಮೆಂಟ್. ಅಂದರೆ ಈ ಮೂರೂ ಹಳದಿಯವರು ಒಂದೇ ದಾರಿಯಲ್ಲಿ ಹೊಳೆ ದಾಟಿದವರು. ಎಲ್ಲರಿಗಿಂತ ಮುಂದೆ ಒಬ್ಬ ಸಾರ್ಜೆಂಟ್ ಮತ್ತು ತಾವಾಗಿ ಬಂದ ಹನ್ನೆರಡು ಜನ. ಏಳನ್ನೂ ಒಂದೇ ಬೇಸಿನ ಮೇಲೆ, ನೀರಿನಲ್ಲಿ ಕಾಲಿಟ್ಟ ಹಾಗೆ ನಿಲ್ಲಿಸಿದರೆ ಸುಳ್ಳಾಗುವುದಿಲ್ಲ ಅಂದೆ. ಅವರು ಒಪ್ಪಿದರು. "ಆದ್ರೆ ಅಡಿಗೆ ಬರೀರಿ ಸಾರ್. ಅಪ್ಪನ ಥರಾನೇ. ಪೆನ್ಸಿಲ್‌ನಲ್ಲಿ" ಅಂದರು.

ಬರೆದೆ. "ಎಡ ದಂಡಿನ ಮುಂಚೂಣಿ. 12, 75, 77ರಲ್ಲಿ ಯಾವುದು ಅಂತ ಗೊತ್ತಿಲ್ಲ. ಮೊದಲಿನ ಬರಹ ಮೈಸೂರಿನಲ್ಲಿ ನನ್ನ ಕೈಯಲ್ಲಿ ಹೋಯಿತು." ಕೆಳಗೆ ಅವತ್ತಿನ ತಾರೀಕು.