ಮೂಳೆ ಕೂಡಿತು, ನೋವು ಮಾತ್ರ ಹೋಗಲಿಲ್ಲ

"ಎಕ್ಸ್‌ರೇ ಚೆನ್ನಾಗಿದೆ, ಮೂಳೆ ಕೂಡಿದೆ, ಇನ್ನೆಲ್ಲಿಯ ನೋವು?" ನನ್ನ ಅತ್ತಿಗೆ ಕೇಳಿ ಕೇಳಿ ಸಾಕಾದ ಮಾತು ಇದು. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಶುರುವಾಯಿತು ನಿಜವಾದ ಕಾಟ. ಬೆರಳು ಊದಿಕೊಂಡು ಹೊಳೆಯುತ್ತಿದ್ದವು. ಕೈ ಒಮ್ಮೆ ಕೆಂಪಗೆ ಬಿಸಿ, ಇನ್ನೊಮ್ಮೆ ನೀಲಿಗಟ್ಟಿ ತಣ್ಣಗೆ. ಸೆರಗು ತಾಕಿದರೂ, ಫ್ಯಾನ್ ಗಾಳಿ ಬಡಿದರೂ ಸುಟ್ಟ ಹಾಗೆ ಉರಿ. ಬಂದವರೆಲ್ಲ ಒಂದೊಂದು ಹೇಳಿದರು, ಎಣ್ಣೆ ಹಚ್ಚಿ ತಿಕ್ಕಿ, ಪುತ್ತೂರು ಕಟ್ಟು ಹಾಕಿಸಿ, ಇನ್ನು ಕೆಲವರು ಬೆನ್ನ ಹಿಂದೆ, ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಅಂತ.

ನಾಟಕ ಅಲ್ಲ. ಇದಕ್ಕೆ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಅಂತಾರೆ, ಚಿಕ್ಕದಾಗಿ ಸಿಆರ್‌ಪಿಎಸ್. ಪೆಟ್ಟು, ಮೂಳೆ ಮುರಿತ ಅಥವಾ ಆಪರೇಷನ್ ಆದ ಕೈಗೋ ಕಾಲಿಗೋ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಹುಪಾಲು ಜನರಲ್ಲಿ ಯಾವ ದೊಡ್ಡ ನರಕ್ಕೂ ಏಟು ಬಿದ್ದದ್ದು ಕಾಣುವುದಿಲ್ಲ, ಅದು ಟೈಪ್ 1. ನರಕ್ಕೆ ಪೆಟ್ಟಾಗಿದ್ದರೆ ಟೈಪ್ 2.

ಹೊಸ ಕಾಯಿಲೆಯೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈಲಾಸ್ ವಿಯರ್ ಮಿಚೆಲ್ ಎಂಬ ಡಾಕ್ಟರ್ ಫಿಲಡೆಲ್ಫಿಯಾದಲ್ಲಿ ಗುಂಡೇಟು ತಿಂದ ಸೈನಿಕರನ್ನು ನೋಡಿ 1864ರಲ್ಲೇ ಇದನ್ನು ಬರೆದಿಟ್ಟಿದ್ದರು. ಗಾಯ ವಾಸಿಯಾದ ಮೇಲೂ ಆ ಸೈನಿಕರು ಉರಿ ತಾಳದೆ ಕೈಯನ್ನು ಸದಾ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರಂತೆ. ಪಕ್ಕದಲ್ಲಿ ಯಾರಾದರೂ ಪೇಪರ್ ಸರಸರ ಅನ್ನಿಸಿದರೂ ನೋವು ಏರುತ್ತಿತ್ತಂತೆ. ಅದನ್ನು ಓದಿ ಅತ್ತಿಗೆ ನಕ್ಕರು. ಗುಂಡೇಟು ತಿಂದವರದ್ದೂ ನಾಟಕವಾ ಹಾಗಾದರೆ?

ಇದನ್ನು ಪತ್ತೆ ಮಾಡಲು ಒಂದೇ ಒಂದು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ, ತಲೆನೋವು ಅದೇ. ಡಾಕ್ಟರ್ ಕೈ ನೋಡಿಯೇ ಹೇಳಬೇಕು. ಬುಡಾಪೆಸ್ಟ್ ಮಾನದಂಡ ಅಂತ ಒಂದಿದೆ: ಪೆಟ್ಟಿಗೆ ಮೀರಿದ ನೋವು ಇರಬೇಕು, ಅದರ ಜೊತೆ ಸ್ಪರ್ಶಕ್ಕೆ ಅತಿಯಾದ ನೋವು, ಬಣ್ಣ ಅಥವಾ ಬಿಸಿಯಲ್ಲಿ ವ್ಯತ್ಯಾಸ, ಊತ ಅಥವಾ ಬೆವರು, ಬಿಗಿತ ಅಥವಾ ಕೂದಲು ಉಗುರಿನ ಬದಲಾವಣೆ, ಈ ನಾಲ್ಕು ಗುಂಪುಗಳಲ್ಲಿ ಮೂರರ ತೊಂದರೆಯನ್ನು ರೋಗಿ ಹೇಳಬೇಕು, ಎರಡಾದರೂ ಡಾಕ್ಟರ ಕಣ್ಣಿಗೆ ಕಾಣಬೇಕು, ಬೇರೆ ಯಾವ ಕಾಯಿಲೆಯೂ ಇದನ್ನು ವಿವರಿಸಬಾರದು.

ನನಗೆ ಅರ್ಥವಾದ ಮಟ್ಟಿಗೆ, ಕಳ್ಳ ಹೋದ ಮೇಲೂ ಕೂಗುತ್ತಲೇ ಇರುವ ಅಲಾರಂ ಇದು. ನರಗಳು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತವೆ, ರಕ್ತನಾಳ ಮತ್ತು ಬೆವರನ್ನು ನೋಡಿಕೊಳ್ಳುವ ನರಗಳ ಲೆಕ್ಕ ತಪ್ಪುತ್ತದೆ, ಮಿದುಳಿನಲ್ಲಿರುವ ಆ ಕೈಯ ನಕ್ಷೆಯೂ ಬದಲಾಗುತ್ತದೆ. "ಇದು ನನ್ನ ಕೈ ಅನ್ನಿಸೋದೇ ಇಲ್ಲ" ಅಂತ ಅತ್ತಿಗೆ ಅಂದಾಗ ಗಾಬರಿಯಾಗಿತ್ತು. ಆಮೇಲೆ ಗೊತ್ತಾಯಿತು, ಈ ಕಾಯಿಲೆ ಇರುವ ಎಷ್ಟೋ ಜನ ಹೀಗೇ ಹೇಳುತ್ತಾರೆ.

ಅದಕ್ಕೇ ಕನ್ನಡಿ ಚಿಕಿತ್ಸೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರಿಗಾಗಿ ಇದನ್ನು ಶುರು ಮಾಡಿದ್ದು. ನೋವಿನ ಕೈಯನ್ನು ಕನ್ನಡಿಯ ಹಿಂದೆ ಬಚ್ಚಿಟ್ಟು, ಚೆನ್ನಾಗಿರುವ ಕೈ ಆಡಿಸುತ್ತಾ ಅದರ ಬಿಂಬ ನೋಡಬೇಕು. ನೋವಿನ ಕೈಯೇ ಆರಾಮಾಗಿ ಆಡುತ್ತಿದೆ ಅಂತ ಮಿದುಳು ನಂಬುತ್ತದೆ. ಎಲ್ಲರಿಗೂ ಹಿಡಿಸುವುದಿಲ್ಲ. ಅತ್ತಿಗೆಗೆ ಸ್ವಲ್ಪ ಹಿಡಿಸಿತು. ಗ್ಯಾಬಪೆಂಟಿನ್ ತರದ ನರದ ಮಾತ್ರೆ, ಶುರುವಿನಲ್ಲಿ ಸ್ಟೀರಾಯ್ಡ್, ಕೆಲವರಿಗೆ ಕುತ್ತಿಗೆಯ ನರಗಂಟಿಗೆ ಇಂಜೆಕ್ಷನ್, ಇವೆಲ್ಲ ಇವೆ, ಪೇನ್ ಕ್ಲಿನಿಕ್‌ನವರು ನೋಡಿ ಹೇಳುತ್ತಾರೆ. ಆದರೆ ಇವೆಲ್ಲದರ ಉದ್ದೇಶ ಒಂದೇ, ಕೈ ಆಡಿಸುವಷ್ಟು ನೋವು ಇಳಿಸುವುದು. ಫಿಸಿಯೋಥೆರಪಿಯೇ ಮುಖ್ಯ.

ನಮ್ಮ ಮನೆಗಳಲ್ಲಿ ಕಷ್ಟ ಇರುವುದೇ ಇಲ್ಲಿ. ನೋಯುತ್ತಿದೆ ಅಂದರೆ "ಸುಮ್ನೆ ಇಟ್ಕೊಳ್ಳಮ್ಮ, ಆಡಿಸಬೇಡ" ಅಂತೀವಿ. ಪ್ರೀತಿಯಿಂದಲೇ. ಆದರೆ ಬಳಸದ ಕೈ ಇನ್ನಷ್ಟು ಬಿಗಿಯುತ್ತದೆ. ಹಾಗಂತ ಜೋರಾಗಿ ಎಳೆದು ತಿಕ್ಕಿದರೆ ನೋವು ಕೆರಳುತ್ತದೆ. ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಟವೆಲ್, ಹೀಗೆ ನಿಧಾನಕ್ಕೆ ಚರ್ಮಕ್ಕೆ ಸ್ಪರ್ಶ ಅಭ್ಯಾಸ ಮಾಡಿಸಿದರು ಫಿಸಿಯೋ. ಅತ್ತಿಗೆ ಈಗ ಚಪಾತಿ ಹಿಟ್ಟು ಕಲೆಸುತ್ತಾರೆ. ಚಳಿಗಾಲದಲ್ಲಿ ನೋವು ಇಣುಕುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂಳೆ ಮುರಿದು, ಮೊದಲ ವಾರ ಕಳೆದರೂ ನೋವು ತೀರಾ ಜಾಸ್ತಿಯೇ ಇದ್ದರೆ, ತಡ ಮಾಡದೆ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ, ಸಿಆರ್‌ಪಿಎಸ್ ಇರಬಹುದಾ ಅಂತ ನೇರವಾಗಿ ಕೇಳಿ. ಪ್ಲಾಸ್ಟರ್ ಒಳಗೆ ಬೆರಳು ಮರಗಟ್ಟಿದರೆ ಅಥವಾ ನೀಲಿಯಾದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಹೊರಡಿ.