ಕುಕ್ಕರ್ ಕೂತ ಸ್ಟೂಲಿನ ಮೇಲೆ ನಾನು

"ನಿಮಗೆ ಬಲಗಡೆ ಅಲ್ವಾ ಆಗಿದ್ದು? ಫೋಟೊದಲ್ಲಿ ಎಡಗಡೆ ವಾಲಿದೆಯಲ್ಲ?"

ಡಾಕ್ಟರ ಈ ಮೆಸೇಜು ನೋಡಿ ಎದೆ ಧಸಕ್ ಎಂದಿತು. ಒಂದು ಕಡೆ ಸಾಲದು ಅಂತ ಇನ್ನೊಂದು ಕಡೆಗೂ ಹೊಡೆಯಿತೇ? ಬಚ್ಚಲಮನೆಯ ಕನ್ನಡಿಯ ಮುಂದೆ ಓಡಿದೆ. ಬಲಗೈಯಿಂದ ಬಲಗೆನ್ನೆ ಮುಟ್ಟಿಕೊಂಡೆ. ವಾಲಿದ್ದು ಅದೇ, ಅದೊಂದೇ. ನನ್ನ ಹದಿಮೂರು ವರ್ಷದ ಮಗಳು ಫೋನ್ ಕಿತ್ತುಕೊಂಡು ನೋಡಿದಳು, ನಕ್ಕಳು.

"ಅಮ್ಮಾ, ಹಿಂದಿರೋ ಕ್ಯಾಲೆಂಡರ್ ನೋಡು. ಜುಲೈ ಉಲ್ಟಾ ಇದೆ."

ಫೋನಿನ ಮುಂದಿನ ಕ್ಯಾಮೆರಾ ನಮ್ಮನ್ನು ಕನ್ನಡಿಯಂತೆ ತೋರಿಸುತ್ತದೆ. ಕೆಲವು ಫೋನುಗಳು ಫೋಟೊ ಉಳಿಸುವಾಗ ಅದನ್ನು ತಿರುಗಿಸಿ ಸರಿ ಮಾಡುತ್ತವೆ. ಕೆಲವು ಹಾಗೆಯೇ ಉಳಿಸುತ್ತವೆ. ನನ್ನದು ಎರಡನೇ ಜಾತಿ. ಅಂದರೆ ಇಷ್ಟು ವರ್ಷ ಚೆನ್ನಾಗಿ ಬಂದಿದೆ ಅಂತ ನಾನು ಎಲ್ಲರಿಗೂ ಕಳಿಸುತ್ತಿದ್ದ ಮುಖವನ್ನು ನನ್ನ ಎದುರಿಗೆ ನಿಂತ ಯಾರೂ ನೋಡಿಯೇ ಇರಲಿಲ್ಲ.

ಎರಡು ದಿನದ ಹಿಂದೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನೇ ಸುರಿದಿತ್ತು. ಕಾಫಿ ಕುಡಿದರೆ ಅದೂ ನೈಟಿಯ ಮೇಲೆ. ಅತ್ತೆ ನೋಡಿದ ತಕ್ಷಣ "ಲಕ್ವ ಕಣೇ" ಎಂದು ಕಣ್ಣೀರು ಹಾಕಿದರು. ಇವರು ಸ್ನಾನವನ್ನೂ ಮಾಡದೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟರು. ಶಿವಮೊಗ್ಗದ ಮಳೆ, ಒಂದು ರೇನ್‌ಕೋಟು, ಇಬ್ಬರು. ಡಾಕ್ಟರು "ಹುಬ್ಬು ಏರಿಸಿ" ಎಂದರು. ಎಡಗಡೆಯದು ಏರಿತು, ಬಲಗಡೆಯದು ಅಲ್ಲಾಡಲಿಲ್ಲ. ಅದನ್ನು ನೋಡಿ ಅವರಿಗೆ ಸಮಾಧಾನ ಆದಂತೆ ಕಾಣಿಸಿತು. ಮೆದುಳಿನ ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆ ಸುಕ್ಕು ಮಾಡಲು ಬರುತ್ತದಂತೆ. ಹಣೆಯೂ ಸೇರಿ ಅರ್ಧ ಮುಖ ನಿಂತಿದೆ ಎಂದರೆ ಮುಖದ ನರದ್ದೇ ತೊಂದರೆ. ಬೆಲ್ಸ್ ಪಾಲ್ಸಿ ಅಂತ ಹೆಸರು. (ಇದನ್ನು ಓದಿ ಯಾರೂ ಮನೆಯಲ್ಲೇ ಹುಬ್ಬು ಏರಿಸಿ ನೋಡಿಕೊಂಡು ಸುಮ್ಮನೆ ಕೂರಬೇಡಿ. ಬಾಯಿ ಸೊಟ್ಟಗಾದರೆ ಮೊದಲು ಆಸ್ಪತ್ರೆ.) ಸ್ಟಿರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು. ಕಣ್ಣು ಮುಚ್ಚುವುದಿಲ್ಲವಾದ್ದರಿಂದ ಹಗಲಿಗೆ ಡ್ರಾಪ್ಸ್, ರಾತ್ರಿಗೆ ಟೇಪು. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ ಎಂದರು. ಕೊನೆಗೆ ಹೇಳಿದ್ದು ಫೋಟೊ ವಿಷಯ. ಎರಡು ದಿನಕ್ಕೊಮ್ಮೆ ಐದು ಫೋಟೊ ಕಳಿಸಿ: ಸುಮ್ಮನೆ ನೋಡುವುದು, ಹುಬ್ಬು ಏರಿಸುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಹಲ್ಲು ಕಿರಿಯುವುದು, ಕೆನ್ನೆ ಉಬ್ಬಿಸುವುದು.

ಫೋಟೊ ತೆಗೆದುಕೊಳ್ಳುವುದು ನನಗೆ ಕಲಿಸಬೇಕೇ? ಸೆಲ್ಫಿ ಅನ್ನುವುದನ್ನು ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದು 2013ರಲ್ಲಿ. ಸುಮಾರು ಅದೇ ಹೊತ್ತಿಗೆ ನನ್ನ ಕೈಗೂ ಮುಂದೆ ಕ್ಯಾಮೆರಾ ಇರುವ ಫೋನ್ ಬಂದಿತ್ತು. ಆಮೇಲೆ ಬಿಟ್ಟವಳಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಜೋಗದಲ್ಲಿ, ಗಾಜನೂರಿನ ಅಣೆಕಟ್ಟಿನ ಮುಂದೆ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ಮಲಗಿ ಮಲಗಿ ಬೇಜಾರಾದಾಗ ಅವನ್ನೆಲ್ಲ ಒಂದೇ ಸಲ ಕೂತು ನೋಡಿದೆ. ಸೀರೆ ಬದಲಾಗಿದೆ, ಜಾಗ ಬದಲಾಗಿದೆ, ಮುಖ ಮಾತ್ರ ಒಂದೇ. ಫೋನ್ ಹಣೆಗಿಂತ ಮೇಲೆ, ಗದ್ದ ಸ್ವಲ್ಪ ಕೆಳಗೆ, ಎಡಗೆನ್ನೆ ಮುಂದೆ, ಒಂದು ಕಿವಿಯ ಓಲೆ ಕಾಣಬೇಕು. ಹತ್ತು ವರ್ಷದಲ್ಲಿ ಒಂದೇ ಫೋಟೊವನ್ನು ಸಾವಿರ ಸಲ ತೆಗೆದಿದ್ದೆ ಅಷ್ಟೆ.

ಡಾಕ್ಟರಿಗೆ ಬೇಕಾದ ಫೋಟೊದಲ್ಲಿ ಈ ಆಟ ನಡೆಯುವುದಿಲ್ಲ. ನೇರ ನೋಡಬೇಕು. ಹಿಂದಿನ ಕ್ಯಾಮೆರಾ ಬೇಕು. ದೂರದಿಂದ ತೆಗೆಯಬೇಕು. ಕೈ ಚಾಚಿದಷ್ಟು ಹತ್ತಿರದಿಂದ ತೆಗೆದರೆ ಮುಂದಿರುವ ಮೂಗು ದೊಡ್ಡದಾಗಿಯೂ ಹಿಂದಿರುವ ಕಿವಿ ಸಣ್ಣದಾಗಿಯೂ ಬೀಳುತ್ತವೆ. ಅಮೆರಿಕದ ಸಂಶೋಧಕರು 2018ರಲ್ಲಿ ಇದರ ಲೆಕ್ಕವನ್ನೇ ಹಾಕಿದ್ದಾರೆ. ಐದು ಅಡಿಯಿಂದ ತೆಗೆದ ಫೋಟೊಗೆ ಹೋಲಿಸಿದರೆ ಒಂದು ಅಡಿಯಿಂದ ತೆಗೆದದ್ದರಲ್ಲಿ ಮೂಗು ಸುಮಾರು 30 ಪರ್ಸೆಂಟ್ ದೊಡ್ಡದಾಗಿ ಕಾಣುತ್ತದೆ. ನನ್ನ ಮೂಗಿನ ಬಗ್ಗೆ ಇದ್ದ ಹಳೆಯ ಕೊರಗು ಅಲ್ಲಿಗೆ ಸ್ವಲ್ಪ ಇಳಿಯಿತು.

ಮಗಳ ಆನ್‌ಲೈನ್ ಕ್ಲಾಸಿನ ಕಾಲದ ಸ್ಟ್ಯಾಂಡು ಅಟ್ಟದಿಂದ ಇಳಿಯಿತು. ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿ ಬಂದು ಕೂತೆ. ಗೋಡೆ ಸ್ಪಷ್ಟ, ನಾನು ಮಸುಕು. ಖಾಲಿ ಸ್ಟೂಲಿನ ಹಿಂದೆ ಏನಿದೆಯೋ ಅದಕ್ಕೇ ಫೋಕಸ್ ಆಗಿರುತ್ತದೆ, ಅಲ್ವಾ? ನಾನಿಲ್ಲದಾಗ ನನ್ನ ಜಾಗದಲ್ಲಿ ಏನಾದರೂ ಇರಬೇಕು. ದಿಂಬು ಇಟ್ಟರೆ ಎತ್ತರ ಸಾಲದು. ಕೊನೆಗೆ ಎರಡು ನಿಘಂಟು, ಅದರ ಮೇಲೆ ಐದು ಲೀಟರಿನ ಕುಕ್ಕರು. ಪರದೆಯ ಮೇಲೆ ಕುಕ್ಕರನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಕುಕ್ಕರ್ ತೆಗೆದು ನಾನು ಕೂರುವುದು. ಒಂದೆರಡು ಸಲ ತೆಗೆಯುವುದು ಮರೆತು ಟೈಮರ್ ಓಡಿತು. ಆ ಕುಕ್ಕರಿನ ಭಾವಚಿತ್ರಗಳು ನನ್ನವಕ್ಕಿಂತ ಚೆನ್ನಾಗಿ ಬಂದಿವೆ.

ಕ್ಯಾಲೆಂಡರಿನ ಗೋಡೆಗೆ ಮಗಳು ಚೌಕುಳಿ ಬೆಡ್‌ಶೀಟ್ ಕಟ್ಟಿದಳು. ಗ್ರಾಫ್ ಹಾಳೆಯ ಹಾಗೆ. ಬಾಯಿಯ ಎರಡು ತುದಿ ಯಾವ ಗೆರೆಯ ಹತ್ತಿರ ಇವೆ ಎಂದು ಅವಳು ಪ್ರತಿ ಸಲ ಎಣಿಸುತ್ತಿದ್ದಳು. "ಇವತ್ತು ಅರ್ಧ ಚೌಕ ಮೇಲೆ ಬಂದಿದೆ ಅಮ್ಮಾ."

ರಜೆಯಲ್ಲಿ ಓದಲು ಸಮಯವೂ ಇತ್ತು. ತಮ್ಮ ಫೋಟೊವನ್ನು ತಾವೇ ತೆಗೆದುಕೊಂಡವರು ಯಾರ್ಯಾರು ಅಂತ ಹುಡುಕುತ್ತಾ ಹೋದೆ. ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಅಂತ ಒಬ್ಬ. ಮನೆತನದ ಕಸುಬು ದೀಪ ಮಾಡುವುದು. ಅವನು 1839ರಲ್ಲೇ ಅಂಗಡಿಯ ಹಿತ್ತಿಲಲ್ಲಿ ಪೆಟ್ಟಿಗೆ ಕ್ಯಾಮೆರಾ ಇಟ್ಟು ತನ್ನ ಚಿತ್ರ ತೆಗೆದುಕೊಂಡ. ಕ್ಯಾಮೆರಾ ಹಿಂದೆ ಯಾರೂ ಇಲ್ಲ. ಕೂದಲು ಕೆದರಿದೆ, ಕೈ ಎದೆಗೆ ಕಟ್ಟಿಕೊಂಡಿದ್ದಾನೆ, ಚೌಕಟ್ಟಿನ ನಡುವೆ ಇಲ್ಲದೆ ಪಕ್ಕಕ್ಕೆ ಸರಿದಿದ್ದಾನೆ. ಪಾಪ, ಅವನಿಗೆ ಕುಕ್ಕರ್ ಇರಲಿಲ್ಲ. ನಮ್ಮವರಲ್ಲಿ ಉಮ್ರಾವ್ ಸಿಂಗ್ ಶೇರ್‌ಗಿಲ್. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ತಂದೆ. 1870ರಲ್ಲಿ ಹುಟ್ಟಿ 1954ರಲ್ಲಿ ತೀರಿಕೊಂಡ ಈ ಮನುಷ್ಯ ತನ್ನದೇ 80ಕ್ಕೂ ಹೆಚ್ಚು ಫೋಟೊ ತೆಗೆದುಕೊಂಡಿದ್ದಾರೆ. ಸೂಟು ಹಾಕಿದ ಯುವಕ, ಬರಿಮೈಯ ಯೋಗಾಭ್ಯಾಸಿ, ಬಿಳಿ ಗಡ್ಡದ ಮುದುಕ. ಪ್ರತಿ ಸಲ ಬೇರೆ ಮನುಷ್ಯ. ನನ್ನ ಸಾವಿರದ ಪಕ್ಕ ಅವರ ಎಂಬತ್ತು ಇಟ್ಟು ನೋಡಿದರೆ ನನಗೇ ನಾಚಿಕೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಿಯಾಗಿದ್ದವರು, 1990ರ ದಶಕದಿಂದ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಹೆಂಗಸರ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯೂ ಆಗಿದ್ದಾರೆ. ಅತ್ತೆಗೆ ತೋರಿಸಿದೆ. ದೇವರಮನೆಯ ಪಟವನ್ನೂ ಫೋನನ್ನೂ ಎರಡೆರಡು ಸಲ ನೋಡಿ, "ಯಾರೇ ಇವಳು, ಲಕ್ಷ್ಮಿ ಜಾಗದಲ್ಲಿ ನಿಂತವಳು?" ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. ಅದೇ ಸರಣಿಯಲ್ಲಿ ಇನ್ನೊಂದು ಚಿತ್ರವಿದೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟು ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳತೆ ತೆಗೆಯುತ್ತಿದ್ದರಲ್ಲ, ಹಾಗೆ ತಾವೇ ನಿಂತಿದ್ದಾರೆ. ನಾನು ಫೋನ್ ಕೆಳಗಿಟ್ಟು ನಮ್ಮ ಗೋಡೆ ನೋಡಿದೆ. ನಮ್ಮ ಚೌಕುಳಿ ಬೆಡ್‌ಶೀಟ್ ಅಲ್ಲೇ ತೂಗುತ್ತಿತ್ತು.

ಹತ್ತೊಂಬತ್ತನೇ ದಿನ, ಭಾನುವಾರ. ಬೆಳಿಗ್ಗೆಯಿಂದ ಜಡಿಮಳೆ, ಕರೆಂಟ್ ಇಲ್ಲ. ಕಿಟಕಿಯಿಂದ ಬರುವ ಬೆಳಕು ಬೂದಿ ಬಣ್ಣಕ್ಕಿತ್ತು, ಎಲ್ಲೂ ಗಟ್ಟಿ ನೆರಳಿಲ್ಲ. ಫೋಟೊ ಗೊತ್ತಿದ್ದವರು ಇಂಥ ಬೆಳಕಿಗೆ ಕಾಯುತ್ತಾರೆ. ನಮಗದು ಬಟ್ಟೆ ಒಣಗದ ಬೆಳಕು. ಡಾಕ್ಟರ ಐದು ಫೋಟೊ ಕತ್ತಲಾಗಿ ಬಂದವು. ಮಗಳು ಪ್ರೊ ಮೋಡ್ ತೆರೆದು ಶಟರ್ ನಿಧಾನ ಮಾಡಿದಳು, ಅಂದರೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ಹಿಡಿಯುವಂತೆ. "ಅಲ್ಲಾಡಬೇಡ ಮತ್ತೆ" ಎಂದಳು. ಅಲ್ಲಾಡಿದ್ದೆಲ್ಲ ಮಸುಕಾಗುತ್ತದೆ.

ಆಗ ತಲೆಗೆ ಬಂತು. ನನ್ನ ಮುಖದಲ್ಲಿ ಅಲ್ಲಾಡುವುದು ಅರ್ಧ ಮಾತ್ರ ತಾನೇ?

ಸ್ಟೂಲನ್ನು ಗೋಡೆಗೆ ತಳ್ಳಿ ತಲೆಯ ಹಿಂಭಾಗ ಗೋಡೆಗೆ ಒತ್ತಿ ಹಿಡಿದೆ. ಹಳೆಯ ಕಾಲದ ಸ್ಟುಡಿಯೊಗಳಲ್ಲಿ ಕೂತವರ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಡುತ್ತಿದ್ದರು. ನನಗೆ ಗೋಡೆಯೇ ಆ ಹಿಡಿ. ಶಟರ್ ನಾಲ್ಕು ಸೆಕೆಂಡು. ಮಗಳು ಗಟ್ಟಿಯಾಗಿ ಎಣಿಸಿದಳು. ನಾಲ್ಕು ಸೆಕೆಂಡಿನಲ್ಲಿ ಆದಷ್ಟು ಸಲ ನಕ್ಕೆ, ನಿಲ್ಲಿಸಿದೆ, ಹುಬ್ಬು ಏರಿಸಿದೆ, ಕಣ್ಣು ಮಿಟುಕಿಸಿದೆ. ಮೊದಲ ಎಂಟು ಫೋಟೊ ಕೆಟ್ಟವು. ನಕ್ಕರೆ ತಲೆಯೂ ಅಲ್ಲಾಡುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಕತ್ತು ಹಿಡಿದುಕೊಂಡಿತು. ಅತ್ತೆ ಅಡುಗೆಮನೆಯಿಂದ "ಕುಕ್ಕರ್ ಕೊಡ್ತೀರೋ ಇಲ್ವೋ" ಅಂತ ಎರಡು ಸಲ ಕೂಗಿದರು.

ಒಂಬತ್ತನೆಯದು ಬಂತು.

ಎಡಗಡೆ ಹೊಗೆಯ ಹಾಗಿತ್ತು. ಒಂದು ಕಣ್ಣೋ ಎರಡೋ ಗೊತ್ತಾಗದು, ಬಾಯಿ ಗಾಳಿಗೆ ಕರಗಿದಂತಿದೆ. ಇಷ್ಟು ವರ್ಷ ಮುಂದೆ ಮಾಡಿ ಹಿಡಿದ ಕೆನ್ನೆ ಅದು, ಈಗ ಯಾರದೋ ಆಗಿತ್ತು. ಬಲಗಡೆ ಮಾತ್ರ ಹೆಚ್ಚುಕಡಿಮೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಹುಬ್ಬಿನ ಕೂದಲು ಒಂದೊಂದೂ ಕಾಣುತ್ತಿತ್ತು. ಗದ್ದದ ಹತ್ತಿರದ ಮಚ್ಚೆ, ಮೊಡವೆ ಬಂದು ಹೋದ ಗುಳಿ, ಮುಚ್ಚದೆ ಒದ್ದೆಯಾಗಿ ನೆಟ್ಟಗೆ ನೋಡುತ್ತಿದ್ದ ಕಣ್ಣು. ಹದಿನೆಂಟು ದಿನ ಕನ್ನಡಿಯಲ್ಲಿ ಅಂಗೈಯಿಂದ ಮುಚ್ಚಿಕೊಂಡಿದ್ದ ಕಡೆ ಅದು. ಈ ಫೋಟೊದಲ್ಲಿ ನಾನು ಅಂತ ಗುರುತು ಹತ್ತುವುದು ಆ ಕಡೆಯಿಂದಲೇ. ನಾನು ಅಳಲಿಲ್ಲ. ಅತ್ತರೆ ಬಲಗಣ್ಣು ಉರಿಯುತ್ತಿತ್ತು, ಹಾಗಾಗಿ ಅಳುವುದನ್ನು ಆಗಲೇ ಬಿಟ್ಟಿದ್ದೆ.

ಮಗಳು ಅದನ್ನು ತನ್ನ ಫೋನಿಗೆ ಕಳಿಸಿಕೊಂಡಳು. ಇವರು ಏನೂ ಹೇಳದೆ ತುಂಬ ಹೊತ್ತು ನೋಡಿದರು. ಅತ್ತೆ "ಯಾರಿಗೂ ತೋರಿಸಬೇಡ, ದೃಷ್ಟಿ ಆಗತ್ತೆ" ಎಂದರು. ಸೊಟ್ಟ ಮುಖಕ್ಕೂ ದೃಷ್ಟಿ ಆಗುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸಂಜೆ ಡಾಕ್ಟರಿಗೆ ಐದು ಕಳಿಸುವಾಗ ಕೈತಪ್ಪಿ ಇದೂ ಹೋಯಿತು. ಕೂಡಲೇ ಉತ್ತರ ಬಂತು: "ಆರನೆಯದು ಶೇಕ್ ಆಗಿದೆ. ಬೇರೆ ತೆಗೆದು ಕಳಿಸಿ."

ದೀಪಾವಳಿ ಹೊತ್ತಿಗೆ ಮುಖ ಬಹುಪಾಲು ಸರಿಹೋಯಿತು. ಈಗಲೂ ಜೋರಾಗಿ ನಕ್ಕರೆ ಬಲಗಣ್ಣು ಸ್ವಲ್ಪ ಕಿರಿದಾಗುತ್ತದೆ. ಕೌಂಟರಿನಲ್ಲಿ ಯಾರೂ ಗಮನಿಸಿಲ್ಲ. ಸೆಲ್ಫಿ ಈಗಲೂ ತೆಗೆಯುತ್ತೇನೆ. ನಿಜ ಹೇಳಬೇಕೆಂದರೆ ಎಡಗೆನ್ನೆಯೇ ಮುಂದೆ ಬರುತ್ತದೆ, ಅಭ್ಯಾಸ.

ಡಿಸೆಂಬರಿನಲ್ಲಿ ಒಂದು ಸಂಜೆ ಅದೇ ಫೋಟೊವನ್ನು ಮತ್ತೆ ತೆಗೆಯೋಣ ಅಂತ ಮಗಳೇ ಬೆಡ್‌ಶೀಟ್ ಕಟ್ಟಿದಳು. ಅದೇ ಸ್ಟೂಲು, ಅದೇ ಕುಕ್ಕರು, ಅದೇ ನಾಲ್ಕು ಸೆಕೆಂಡು. ಅಷ್ಟೇ ನಕ್ಕೆ. ಎರಡೂ ಕಡೆ ಪೂರ್ತಿ ಹೊಗೆ. ನಡುವೆ ಮೂಗುಬೊಟ್ಟು ಮಾತ್ರ ಸ್ಪಷ್ಟವಾಗಿ ಬಿದ್ದಿತ್ತು.